ಗುಡುಗಿಗೆ ಬಹುವಚನ

೧

ಹೇಗೆ ಶುರು ಮಾಡಲಿ? ‘ಅವಳು ಆಫೀಸಿಗೆ ಬಂದಳು’ ಎನ್ನಲೇ, ‘ಅವರು ಆಫೀಸಿಗೆ ಬಂದರು’ ಎನ್ನಲೇ?

ನಗಬೇಡಿ, ಇದು ಸಣ್ಣ ತಾಪತ್ರಯವಲ್ಲ. ನಮ್ಮ ಭಾಷೆಯಲ್ಲಿ ಒಬ್ಬ ಮನುಷ್ಯ ಬಾಗಿಲು ತಳ್ಳಿಕೊಂಡು ಒಳಗೆ ಬರಬೇಕಾದರೂ ಅವನಿಗೆ ಎಷ್ಟು ಮರ್ಯಾದೆ ಸಲ್ಲಬೇಕೆಂದು ಬರೆಯುವವನು ಮೊದಲೇ ತೀರ್ಮಾನ ಮಾಡಿಕೊಂಡಿರಬೇಕು. (ನೋಡಿದಿರಾ, ‘ಅವನಿಗೆ’ ಎಂದುಬಿಟ್ಟೆ.) ಆದರೆ ಆ ತೀರ್ಮಾನ ಬಯಲಾಗುವುದು ವಾಕ್ಯದ ಬಾಲದಲ್ಲಿ. ಬಾಲ ಬರುವ ತನಕ ಎಲ್ಲರೂ ಸಮಾನರು. ಕಳ್ಳ ಬೆಳಗ್ಗೆ ಎದ್ದು, ಹಲ್ಲುಜ್ಜಿ, ಟೀ ಕುಡಿದು, ಚಪ್ಪಲಿ ಮೆಟ್ಟಿ... ಮಂತ್ರಿ ಬೆಳಗ್ಗೆ ಎದ್ದು, ಹಲ್ಲುಜ್ಜಿ, ಟೀ ಕುಡಿದು, ಚಪ್ಪಲಿ ಮೆಟ್ಟಿ... ಇಲ್ಲಿಯವರೆಗೆ ಯಾವ ಭೇದವೂ ಇಲ್ಲ. ಆಮೇಲೆ ಕಳ್ಳ ಹೊರಟ. ಮಂತ್ರಿಗಳು ಹೊರಟರು.

(ನಿಮ್ಮನ್ನು ‘ನೀವು’ ಎನ್ನುತ್ತಿದ್ದೇನೆ, ಗಮನಿಸಿ. ನೀವು ಯಾರೋ ನನಗೆ ಗೊತ್ತಿಲ್ಲ, ಜಾಮೀನಿನ ಮೇಲೆ ಹೊರಗಿರುವವರೂ ಆಗಿರಬಹುದು. ಇರಲಿ, ನನ್ನ ಗಂಟೇನು ಹೋಗುತ್ತದೆ.)

೧ (ಮತ್ತೆ)

‘ಅವಳು’ ಎಂದೇ ಇಟ್ಟುಕೊಳ್ಳುತ್ತೇನೆ. ಒಂದು ಸಂಜೆ ಪತ್ರಿಕೆಯಲ್ಲಿ ಉಪಸಂಪಾದಕಿ. ವರದಿಗಾರರು ಹೊರಗಿನಿಂದ ಗಡಿಬಿಡಿಯಲ್ಲಿ ಬರೆದು ಕಳಿಸಿದ್ದನ್ನು ತಿದ್ದಿ, ತೀಡಿ, ಕತ್ತರಿಸಿ, ತಲೆಬರಹ ಕೊಟ್ಟು ಪುಟಕ್ಕೆ ಕಳಿಸುವುದು ಅವಳ ಕೆಲಸ. ಓದುಗರಿಗೆ ಅವಳ ಹೆಸರು ಗೊತ್ತಿಲ್ಲ, ಅವಳ ಅಲ್ಪವಿರಾಮಗಳು ಮಾತ್ರ ಗೊತ್ತು.

“ರೀ ಕಥೆಗಾರ್ರೇ, ನಾನೇನು ನಿಮ್ಮ ಜೊತೆ ಗೋಲಿ ಆಡಿದವಳಾ? ಸೀದಾ ಏಕವಚನಕ್ಕೇ ಇಳಿದುಬಿಟ್ರಲ್ಲ!”

(ಶುರುವಾಯಿತು. ನಾಲ್ಕು ಸಾಲು ಬರೆಯುವಷ್ಟರಲ್ಲಿ ಪಾತ್ರ ಬಾಯಿ ತೆಗೆದಿದೆ.)

“ಹತ್ತಿರದವರು ಅಂತ ಹಾಗಂದೆ ಮೇಡಂ. ಅಮ್ಮನ್ನ ‘ಅವಳು’ ಅಂತೀವಿ. ದೇವರನ್ನ ‘ನೀನು’ ಅಂತೀವಿ.”

“ಕಳ್ಳನನ್ನೂ ಅಂತೀವಿ,” ಎಂದಳು.

ಈ ಕಥೆ ಬರೆಯಲು ಕಾರಣ ಆ ಮಾತೇ ಇರಬೇಕು.

೨

ಡೆಸ್ಕ್ ಎಂದರೆ ಉದ್ದನೆಯ ಒಂದು ಕೋಣೆ. ನಾಲ್ಕು ಕಂಪ್ಯೂಟರ್, ಅಕ್ಷರ ಅಳಿಸಿಹೋದ ನಾಲ್ಕು ಕೀಬೋರ್ಡು, ಗೋಡೆಯ ಮೇಲೆ ಸದ್ದು ಅಡಗಿಸಿದ ಟೀವಿ, ಕಿಟಕಿಯ ಹಲಗೆಯ ಮೇಲೆ ಯಾರೂ ತೊಳೆಯದ ಟೀ ಲೋಟಗಳು. ಊಟದ ಹೊತ್ತಿಗೆ ಮೊದಲ ಪುಟ ಪ್ರೆಸ್ಸಿಗೆ ಹೋಗಬೇಕು, ಆಮೇಲೆ ಡೆಸ್ಕಿನವರು ಊಟಕ್ಕೆ ಹೋಗಬೇಕು. ಎಷ್ಟೋ ದಿನ ಎರಡನೆಯದು ಆಗುವುದಿಲ್ಲ.

ಈ ಕೋಣೆಯ ಯಜಮಾನ ಮುಖ್ಯ ಉಪಸಂಪಾದಕರು. ಎಷ್ಟುದ್ದದ ವರದಿಯನ್ನೂ ಅರ್ಧಕ್ಕಿಳಿಸುತ್ತಾರೆಂದು ಎಲ್ಲರೂ ಅವರನ್ನು ‘ಕತ್ತರಿ’ ಎನ್ನುತ್ತಾರೆ, ಎದುರಿಗೆ ‘ಸರ್’. ಒಳ್ಳೆಯ ಮನುಷ್ಯ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವ ಪೈಕಿ. ಅಡ್ಡಗೋಡೆಯ ಮೇಲೆ ದೀಪ ಇಡುವುದರಲ್ಲಿ ಅವರನ್ನು ಮೀರಿಸಿದವರಿಲ್ಲ. ಬೆಂಕಿ ಬಿದ್ದರೆ ‘ಅಹಿತಕರ ಘಟನೆ’, ಬೈದರೆ ‘ವಿವಾದಾತ್ಮಕ ಹೇಳಿಕೆ’, ಕಣ್ಣಾರೆ ಕಂಡದ್ದಕ್ಕೂ ಕೊನೆಯಲ್ಲಿ ‘ಎನ್ನಲಾಗಿದೆ’. ಡೆಸ್ಕಿಗೆ ಹೊಸಬರು ಬಂದರೆ ಅವರು ಹೇಳಿಕೊಡುವ ಮೊದಲ ಪಾಠ ಇದು:

“ಪೊಲೀಸ್ ಠಾಣೆ ಮೆಟ್ಟಿಲು ಹತ್ತಿದವನು ‘ಆತ’. ವೇದಿಕೆ ಮೆಟ್ಟಿಲು ಹತ್ತಿದವರು ‘ಅವರು’.”

“ಎರಡೂ ಮೆಟ್ಟಿಲು ಹತ್ತಿದವನು, ಸರ್?” ಎಂದು ಅವಳು ಹೊಸದರಲ್ಲಿ ಕೇಳಿದ್ದಳು.

“ಅಂಥವರು ನಮ್ಮನ್ನ ಕೇಳ್ಕೊಂಡು ಹತ್ತಲ್ಲಮ್ಮ,” ಎಂದು ಕತ್ತರಿ ನಕ್ಕಿದ್ದರು. ಅವಳೂ ನಕ್ಕಿದ್ದಳು.

೩

ಇನ್ನು ಸಂಗತಿ ಹೇಳಿಬಿಡುತ್ತೇನೆ. ಸತಾಯಿಸಿದರೆ ನೀವು ಟೀವಿ ಹಾಕಿಕೊಳ್ಳುತ್ತೀರಿ.

ಒಬ್ಬ ನಾಯಕ. (ನಾಯಕರು?) ದನಿ ದೊಡ್ಡದು, ಆದ್ದರಿಂದ ಬೆಂಬಲಿಗರು ಪ್ರೀತಿಯಿಂದ ಇಟ್ಟ ಹೆಸರು ‘ಗುಡುಗು’. ‘ನಮ್ಮವರು ಮೊದಲು’ ಎನ್ನುವುದು ಆ ಪಕ್ಷದ ಘೋಷಣೆ. ನಮ್ಮವರು ಯಾರು ಎಂಬುದನ್ನು ದಿನಕ್ಕೊಂದು ಬಗೆಯಲ್ಲಿ ಹೇಳುತ್ತಿದ್ದರೂ, ನಮ್ಮವರಲ್ಲದವರು ಯಾರು ಎನ್ನುವುದರಲ್ಲಿ ಗೊಂದಲವಿರಲಿಲ್ಲ: ಹಳೇ ಪೇಟೆಯ ಬೀದಿಯಲ್ಲಿ ಅಂಗಡಿ ಇಟ್ಟುಕೊಂಡವರು, ಅವರ ಅಜ್ಜಂದಿರು ಎಲ್ಲಿಂದಲೋ ಬಂದವರು. ಹೋದ ವರ್ಷ ಒಂದು ಸಭೆಯಲ್ಲಿ ಗುಡುಗು ಗುಡುಗಿತು: “ನಾಳೆ ಸಂಜೆ ಹೊತ್ತಿಗೆ ಆ ಬೀದೀಲಿ ಹೊರಗಿನವರ ಒಂದು ಬೋರ್ಡೂ ನನ್ನ ಕಣ್ಣಿಗೆ ಬೀಳಬಾರದು!”

ಮರುದಿನದ ಪೇಪರು: ನಾಯಕರ ವಿವಾದಾತ್ಮಕ ಹೇಳಿಕೆ. ಅದರ ಮರುದಿನದ್ದು: ಹಳೇ ಪೇಟೆಯಲ್ಲಿ ಅಹಿತಕರ ಘಟನೆ.

ಅಹಿತಕರ ಘಟನೆಯಲ್ಲಿ ಸುಟ್ಟದ್ದು ಮೂರು ಅಂಗಡಿ. ಮೂರನೆಯದು ಕನ್ನಡಕದ ಅಂಗಡಿ. ಒಳಗೆ ದೀಪ ಉರಿಯುತ್ತಿತ್ತು, ಅಂಗಡಿಯವರು ಹಿಂದಿನ ಕೋಣೆಯಲ್ಲಿ ಕೂತು ಗಾಜು ಉಜ್ಜುತ್ತಿದ್ದರು. ಬದುಕಿಕೊಂಡರು. ಆದರೆ ಎರಡೂ ಕೈ ಬೆಂದವು. ಕಡ್ಡಿ ಗೀರಿದವನು ಅಂಚೆ ಪಾರ್ಸೆಲ್ ವ್ಯಾನ್ ಓಡಿಸುವ ಒಬ್ಬ ಡ್ರೈವರ್. ವಯಸ್ಸು ಮೂವತ್ತು ದಾಟಿದೆ, ಮದುವೆಯಿಲ್ಲ, ಬೆಳಗ್ಗೆ ಎದ್ದರೆ ಫೋನಿನಲ್ಲಿ ಗುಡುಗಿನ ಭಾಷಣ ಕೇಳದೆ ಮುಖ ತೊಳೆಯುತ್ತಿರಲಿಲ್ಲ.

ಆ ಡ್ರೈವರ್ ನಮ್ಮ ಉಪಸಂಪಾದಕಿಯ ತಮ್ಮ.

ಇನ್ನೊಂದು ಸಂಗತಿ ಇದೆ. ಬರೆಯಲು ಮುಜುಗರವಾಗುತ್ತದೆ, ಕಥೆಗಾರ ಬೇಕಂತಲೇ ಹೆಣೆದ ಹಾಗೆ ಕಾಣುತ್ತದೆ. ಈ ಅಕ್ಕ-ತಮ್ಮನ ಅಮ್ಮನ ಕನ್ನಡಕ ಆ ದಿನ ಅದೇ ಅಂಗಡಿಯಲ್ಲಿತ್ತು, ಹೊಸ ಗಾಜು ಹಾಕಲು ಕೊಟ್ಟಿದ್ದರು. ಅದೂ ಸುಟ್ಟಿತು. ಬೇರೆ ಕಡೆ ಮಾಡಿಸಿಕೋ ಎಂದರೆ ಅಮ್ಮ ಒಪ್ಪಲಿಲ್ಲ. “ಅಲ್ಲಿ ಕೊಟ್ಟಿದ್ದು ಅಲ್ಲೇ ತಗೋಬೇಕು. ಅಲ್ಲಿಗೆ ಹೋಗೋ ಮುಖ ನನಗಿಲ್ಲ. ಹೀಗೇ ಇರ್ತೀನಿ ಬಿಡು.” ದಿನಾ ಕಿಟಕಿಯ ಪಕ್ಕ ಕೂತು ಪೇಪರನ್ನು ಮೊದಲಿನಿಂದ ಕೊನೆಯವರೆಗೆ ಓದುತ್ತಿದ್ದ ಅಮ್ಮ, ವರ್ಷದಿಂದ ಮಗಳ ಬಾಯಲ್ಲಿ ಓದಿಸಿಕೊಂಡು ಕೇಳುತ್ತಾಳೆ.

೫

(ನಾಲ್ಕನ್ನು ಹರಿದು ಹಾಕಿದೆ. ಅದರಲ್ಲಿ ಗುಡುಗಿನ ಬಾಲ್ಯವಿತ್ತು. ತಂದೆಯಿಲ್ಲದ ಮಗು, ಒಂದೇ ಅಂಗಿ, ಶಾಲೆಯಲ್ಲಿ ತೊದಲು ಮಾತಿಗೆ ನಗುತ್ತಿದ್ದ ಹುಡುಗರು. ಬರೆದು ಓದಿಕೊಂಡೆ, ನಾನೇ ಕಣ್ಣೊರೆಸಿಕೊಂಡೆ. ಆಮೇಲೆ ಟೀವಿ ನೋಡಿದರೆ ಅಲ್ಲೂ ಅದೇ ಬರುತ್ತಿತ್ತು, ಹಿನ್ನೆಲೆಯಲ್ಲಿ ಪಿಟೀಲು ಬೇರೆ. ಕನ್ನಡಕದ ಅಂಗಡಿಯವರ ಬಾಲ್ಯವನ್ನು ಯಾರೂ ತೋರಿಸುತ್ತಿರಲಿಲ್ಲ. ನಾನೂ ಬರೆದಿರಲಿಲ್ಲ. ಥೂ ಎನಿಸಿತು.)

ತೀರ್ಪಿನ ದಿನ. ಕೋರ್ಟಿನಿಂದ ವರದಿಗಾರ ಫೋನಿನಲ್ಲೇ ಸುದ್ದಿ ಒಪ್ಪಿಸಿದ. ಪ್ರಚೋದನೆ ನೀಡಿದ್ದಕ್ಕೆ ಗುಡುಗಿಗೆ ಎರಡು ವರ್ಷ. ಬೆಂಕಿ ಇಟ್ಟಿದ್ದಕ್ಕೆ ಡ್ರೈವರ್‌ಗೆ ನಾಲ್ಕು ವರ್ಷ. ಗುಡುಗು ಮೇಲ್ಮನವಿ ಹಾಕುತ್ತೇನೆಂದು ಅಲ್ಲೇ ಬೇಲ್ ತಗೊಂಡಾಯಿತು. ಡ್ರೈವರ್‌ಗೆ ಬೇಲ್ ಇಲ್ಲ, ವ್ಯಾನ್ ಹತ್ತಿಸಿದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.

“ಇನ್ನೊಂದು ಮೇಡಂ. ‘ನಾಯಕರು ಹೇಳಿದ್ರು, ನಾನು ಮಾಡ್ದೆ’ ಅಂತ ಆತ ಜಡ್ಜ್ ಎದುರು ಹೇಳ್ದ. ನಾಯಕರು ಏನಂದ್ರು ಗೊತ್ತಾ? ‘ಅವನ್ಯಾರೋ ನನಗೆ ಗೊತ್ತೇ ಇಲ್ಲ. ಬೋರ್ಡು ಅಂತ ನಾನಂದಿದ್ದು ನಗರದ ಅಂದಚೆಂದದ ಬಗ್ಗೆ’ ಅಂದ್ರು.” ವರದಿಗಾರ ನಗತೊಡಗಿದವನು ಥಟ್ಟನೆ ನಿಲ್ಲಿಸಿದ. ಯಾರ ಜೊತೆ ಮಾತಾಡುತ್ತಿದ್ದೇನೆಂದು ಅವನಿಗೆ ನೆನಪಾಗಿತ್ತು.

ಕತ್ತರಿ ಅವಳ ಕುರ್ಚಿಯ ಪಕ್ಕ ಬಂದು ನಿಂತರು. “ಬೇರೆಯವರಿಗೆ ಕೊಡ್ಲಾಮ್ಮ? ನಿನ್ನ ತಮ್ಮನ ವಿಷಯ. ನೀನು ಮಾಡ್ಬೇಕು ಅಂತೇನಿಲ್ಲ.”

“ಬೇಡ ಸರ್. ನಾನೇ ಮಾಡ್ತೀನಿ.”

ಯಾಕೆ ಹಾಗೆಂದಳು? ಗೊತ್ತಿಲ್ಲ. ಕೇಳಿದೆ. ಅವಳಿಗೂ ಗೊತ್ತಿಲ್ಲವಂತೆ. ಪರರ ಕೈಯಲ್ಲಿ ತಮ್ಮನನ್ನು ಬಿಡಲು ಮನಸ್ಸಾಗಲಿಲ್ಲವೋ, ಬಿಟ್ಟರೆ ಯಾರಾದರೂ ಕನಿಕರದಿಂದ ಅವನ ತಪ್ಪನ್ನು ತೆಳುಮಾಡಿಬಿಡುತ್ತಾರೆಂದು ಭಯವೋ. ಎರಡೂ ಇರಬಹುದು.

ಗೋಡೆಯ ಟೀವಿಯಲ್ಲಿ ಗುಡುಗು ಕೋರ್ಟಿನ ಮೆಟ್ಟಿಲಿಳಿದು ಕೈ ಬೀಸುತ್ತಿತ್ತು. ಕೆಳಗೆ ಅಕ್ಷರಗಳು ಓಡುತ್ತಿದ್ದವು: ‘ಶಿಕ್ಷೆಯಿಂದ ಎಷ್ಟು ಓಟು ಲಾಭ?’ ಚಿತ್ರದ ಅಂಚಿನಲ್ಲಿ ಒಂದು ವ್ಯಾನಿನ ಬಾಗಿಲು, ಅದರಿಂದ ಹೊರಬಂದ ಒಂದು ಕೈ. ಆ ಕೈಯೂ ಬೀಸುತ್ತಿತ್ತು, ನಾಯಕರ ಕಡೆಗೆ. ಅವಳು ಆ ಕೈಯನ್ನು ಗುರುತು ಹಿಡಿದಳು. ಅಷ್ಟರಲ್ಲಿ ಕ್ಯಾಮೆರಾ ಗುಡುಗಿನ ಮುಖಕ್ಕೆ ಹತ್ತಿರವಾಯಿತು.

೬

ಅವಳ ಫೋನ್ ಬಡಿದುಕೊಂಡಿತು. ವಕೀಲರ ನಂಬರು, ತಮ್ಮನ ದನಿ.

“ಅಕ್ಕಾ, ಒಂದೇ ನಿಮಿಷ ಕೊಟ್ಟಿದ್ದಾರೆ. ಅಮ್ಮಂಗೆ ನೀನೇ ಹೇಳು, ಬೇರೆಯವರ ಬಾಯಲ್ಲಿ ಕೇಳಿಸ್ಬೇಡ.”

“ಹೂಂ.”

“ಪೇಪರ್‌ಗೆ ನೀನೇ ಬರೀತಿದ್ದೀಯಾ?”

“ಹೂಂ ಕಣೋ.”

“ಹಾಗಿದ್ರೆ ಒಂದು ಕೇಳ್ತೀನಿ, ಇಲ್ಲ ಅನ್ಬೇಡ.”

ಅವಳು ಕಣ್ಣು ಮುಚ್ಚಿಕೊಂಡಳು. ಹೆಸರು ಹಾಕಬೇಡ ಎನ್ನುತ್ತಾನೆ, ಫೋಟೊ ಹಾಕಬೇಡ ಎನ್ನುತ್ತಾನೆ, ಅಕ್ಕ ಎಂದ ಮೇಲೆ ಅಷ್ಟಾದರೂ ಕೇಳಿಯಾನು ಎಂದುಕೊಂಡಳು.

“ನಾಯಕರನ್ನ ‘ಆತ’ ಅಂತ ಬರೀಬೇಡ್ವೇ. ಅವರಿಗೆ ಮರ್ಯಾದೆ ಕೊಟ್ಟು ಬರಿ.”

“ಲೋ, ನೀನ್ಯಾರೋ ಗೊತ್ತೇ ಇಲ್ಲ ಅಂದ್ನಲ್ಲೋ ಅವನು!”

“ಅದು ಕೋರ್ಟಲ್ಲಿ ಹಾಗೇ ಹೇಳ್ಬೇಕಾಗತ್ತೆ ಕಣೇ. ನಂಗೊತ್ತು, ಅವರಿಗೆ ನಾನು ಗೊತ್ತು. ನೀನು ಏಕವಚನ ಮಾಡ್ಬೇಡ.”

“ಮತ್ತೆ ನಿನಗೆ?”

“ನಂಗೇನು, ನಾನು ನಿನ್ನ ತಮ್ಮ. ಹೇಗಾದ್ರೂ ಬರ್ಕೋ.”

ಫೋನ್ ಕಟ್ಟಾಯಿತು. ಮನೆಯಲ್ಲಿ ಅವಳು ಜೀವಮಾನವಿಡೀ ಅವನನ್ನು ‘ಅವನು’ ಎಂದಿದ್ದಾಳೆ. ಅವನು ಊಟ ಮಾಡಿದ್ನಾ, ಅವನು ಬಂದ್ನಾ, ಅವನಿಗೆ ಜ್ವರ ಇಳೀತಾ. ಪೇಪರಿನಲ್ಲಿ ಅದೇ ವಚನ ಬೇರೆ ವಾಸನೆ ಹೊಡೆಯುತ್ತದೆ. ಅಕ್ಷರ ಒಂದೇ, ಒಂದು ಕಡೆ ತುತ್ತು, ಇನ್ನೊಂದು ಕಡೆ ಉಗುಳು.

೭

ಅವಳ ಮೊದಲ ಡ್ರಾಫ್ಟ್ ಪಾಠದ ಪ್ರಕಾರ ಹೊರಟಿತು: “...ನಾಯಕರು ಜಾಮೀನು ಪಡೆದು ಹೊರಬಂದಿದ್ದಾರೆ. ಬೆಂಕಿ ಹಚ್ಚಿದ ಡ್ರೈವರ್ ಜೈಲು ಸೇರಿದ್ದಾನೆ. ಕನ್ನಡಕ ಅಂಗಡಿಯ ಮಾಲೀಕ ಈಗಲೂ ಚಿಕಿತ್ಸೆ ಪಡೆಯುತ್ತಿದ್ದಾನೆ.”

ಕೊನೆಯ ವಾಕ್ಯ ಬರೆದು ಬೆರಳು ನಿಂತಿತು. ಪಡೆಯುತ್ತಿದ್ದಾನೆ? ಅಂಗಡಿಯವರು ಯಾವ ಠಾಣೆ ಮೆಟ್ಟಿಲು ಹತ್ತಿದ್ದರು? ದೂರು ಕೊಡಲು ಹತ್ತಿದ್ದರು, ಅಷ್ಟೇ. ಮೂವರಲ್ಲಿ ಕೈ ಸುಟ್ಟುಕೊಂಡವರು ‘ಆತ’, ಕಡ್ಡಿ ಗೀರಿದವನು ‘ಆತ’, ಗೀರು ಎಂದವರು ಮಾತ್ರ ‘ಅವರು’. ಯಾರೂ ಹೇಳಿಕೊಡದೆ ಅವಳ ಬೆರಳೇ ಹಾಗೆ ಬರೆದಿತ್ತು. ಅವಳು ಅಷ್ಟನ್ನೂ ಎತ್ತಿ ಫೈಲಿನ ತಳಕ್ಕೆ ತಳ್ಳಿದಳು.

ಎರಡನೇ ಡ್ರಾಫ್ಟಿನಲ್ಲಿ ಒಂದು ಉಪಾಯ ಮಾಡಿದಳು. ಬಾಲವಿದ್ದರಲ್ಲವೇ ತೊಂದರೆ? ಬಾಲವನ್ನೇ ಕತ್ತರಿಸಿದಳು. “ಮೊದಲ ಅಪರಾಧಿಗೆ ಎರಡು ವರ್ಷ. ಎರಡನೇ ಅಪರಾಧಿಗೆ ನಾಲ್ಕು ವರ್ಷ. ಮೊದಲ ಅಪರಾಧಿಗೆ ಜಾಮೀನು. ಎರಡನೇ ಅಪರಾಧಿಗೆ ಜೈಲು. ಮೂರು ಅಂಗಡಿ ಭಸ್ಮ. ಅಂಗಡಿ ಮಾಲೀಕರೊಬ್ಬರ ಕೈಗೆ ಗಾಯ.”

(ನನಗಂತೂ ತುಂಬ ಹಿಡಿಸಿತು. ಸಮಾನತೆ ಎಂದರೆ ಕ್ರಿಯಾಪದವಿಲ್ಲದ ಭಾಷೆ ಎಂದು ಇಲ್ಲೊಂದು ದೊಡ್ಡ ಮಾತು ಬರೆದು ಕಥೆ ಮುಗಿಸೋಣ ಎಂದುಕೊಂಡೆ. ಆದರೆ ಕತ್ತರಿ ಇನ್ನೂ ಓದಿರಲಿಲ್ಲ.)

“ಇದೇನಮ್ಮ, ಓಟದ ಸ್ಪರ್ಧೆನಾ? ಮೊದಲ್ನೇದು, ಎರಡ್ನೇದು! ಮತ್ತೆ ‘ಅಪರಾಧಿ’ ಬೇಡ, ಮೇಲ್ಮನವಿಗೆ ಹೋಗ್ತಾರಲ್ಲ. ಹೆಡ್‌ಲೈನಿಗೆ ‘ನಾಯಕರಿಗೆ ಹಿನ್ನಡೆ’ ಅಂತ ಕೊಡು.”

“ತೀರ್ಪು ಬಂದಾಗಿದೆ ಸರ್. ಇನ್ನೂ ಹಿನ್ನಡೆ, ಮುನ್ನಡೆ ಅಂದ್ರೆ ಹೇಗೆ?”

“ತೀರ್ಪು ಬಂದಿದೆ ಎನ್ನಲಾಗಿದೆ ಅಂತ ಹಾಕು,” ಎಂದವರು ತಮ್ಮ ಮಾತು ತಮಗೇ ಕೇಳಿಸಿ ದನಿ ತಗ್ಗಿಸಿದರು. “ನೋಡಮ್ಮ, ಹೋದ ತಿಂಗಳು ಪಕ್ಕದ ಪೇಪರಿನವರ ಗಾಜು ಒಡೆದ್ರು. ನನಗೂ ಭಯ ಇದೆ. ಸುಳ್ಳು ಹೇಳ್ಲಾ?”

ಆ ಮಾತಿಗೆ ಅವಳಿಗೆ ಕೋಪವೂ ಬಂತು, ಪಾಪ ಎಂದೂ ಅನಿಸಿತು. ಊಟದ ಹೊತ್ತು ಹತ್ತಿರವಾಗುತ್ತಿತ್ತು. ಅವಳು ಮೂರನೇ ಡ್ರಾಫ್ಟ್ ಬರೆದು, ಯಾರಿಗೂ ತೋರಿಸದೆ, ನೇರ ಪುಟಕ್ಕೆ ಕಳಿಸಿದಳು. ಅದರಲ್ಲಿ ಗುಡುಗಿಗೂ ಏಕವಚನ, ತಮ್ಮನಿಗೂ ಏಕವಚನ. ಅಂಗಡಿಯವರಿಗೆ ಬಹುವಚನ ಕೊಡಬೇಕೆಂದಿದ್ದವಳು ಗಡಿಬಿಡಿಯಲ್ಲಿ ಮೊದಲ ಡ್ರಾಫ್ಟಿನ ಆ ಸಾಲನ್ನೇ ಅಂಟಿಸಿಬಿಟ್ಟಿದ್ದಳು. ಅದನ್ನು ಅವಳು ನೋಡಲಿಲ್ಲ. (ನಾನೂ ಆಮೇಲೆ ನೋಡಿದ್ದು.)

೮

ಪುಟ ಕಟ್ಟುವ ಹುಡುಗಿ ಪ್ರೆಸ್ಸಿಗೆ ಕಳಿಸುವ ಗುಂಡಿಯ ಮೇಲೆ ಬೆರಳಿಟ್ಟಿದ್ದಳು. ಅವಳ ಭುಜದ ಮೇಲಿಂದ ಇಣುಕಿದ ಕತ್ತರಿ ಹಾವು ತುಳಿದವರ ಹಾಗೆ ಹಾರಿದರು. “ಅಯ್ಯಯ್ಯೋ! ನಾಯಕರು ‘ಹೊರಬಂದಿದ್ದಾನೆ’ ಅಂತೆ! ಬಹುವಚನ ಮಾಡಮ್ಮ, ಬೇಗ ಬೇಗ!”

“ಎಲ್ಲೆಲ್ಲಿ ಸರ್?”

“ಎಲ್ಲೆಲ್ಲಿದೆಯೋ ಅಲ್ಲೆಲ್ಲ!”

ಪುಟದ ಹುಡುಗಿ ಮಾತನ್ನು ಅಕ್ಷರಶಃ ತೆಗೆದುಕೊಂಡಳು. ಫೈಂಡ್ ಅಂಡ್ ರಿಪ್ಲೇಸ್: ‘ದ್ದಾನೆ’ ಹೋಗಿ ‘ದ್ದಾರೆ’ ಬರಲಿ, ಇಡೀ ಪುಟಕ್ಕೆ. ಒಂದು ಸಲ ಒತ್ತಿದಳು. ಪುಟ ಹೋಯಿತು.

ಸಂಜೆಯ ಪೇಪರಿನ ಮೊದಲ ಪುಟದಷ್ಟು ಮರ್ಯಾದಸ್ಥ ಪುಟ ಆ ಪತ್ರಿಕೆಯ ಚರಿತ್ರೆಯಲ್ಲೇ ಬಂದಿರಲಿಲ್ಲ. ನೀರಿನ ಪಂಪು ಕದ್ದ ಕಳ್ಳ ಗೋಡೆ ಹಾರಿ ‘ಪರಾರಿಯಾಗಿದ್ದಾರೆ’. ಕುಡಿದು ದೀಪದ ಕಂಬ ಹತ್ತಿದವನು ‘ಇಳಿಯಲು ನಿರಾಕರಿಸಿದ್ದಾರೆ’. ನಕಲಿ ಡಾಕ್ಟರು ‘ಹಲವರಿಗೆ ಚುಚ್ಚಿದ್ದಾರೆ’. ಬೀದಿನಾಯಿ ಮಾತ್ರ ‘ಕಚ್ಚಿದೆ’, ಅದಕ್ಕೆ ಯಾವ ವಚನದ ಹಂಗೂ ಇಲ್ಲ. ಆದರೆ ಬದಲಾದದ್ದು ಬಾಲ ಮಾತ್ರ, ತಲೆ ಹಾಗೇ ಉಳಿದಿತ್ತು: “ಆತ ಜಾಮೀನು ಪಡೆದು ಹೊರಬಂದಿದ್ದಾರೆ. ಆತ ಜೈಲು ಸೇರಿದ್ದಾರೆ. ಕನ್ನಡಕ ಅಂಗಡಿಯ ಮಾಲೀಕ ಈಗಲೂ ಚಿಕಿತ್ಸೆ ಪಡೆಯುತ್ತಿದ್ದಾರೆ.” ತಲೆ ಕಳ್ಳನದು, ಬಾಲ ಮಂತ್ರಿಯದು.

ಫೋನುಗಳು ಶುರುವಾದವು. ಒಬ್ಬ ನಿವೃತ್ತ ಮೇಷ್ಟ್ರು: “ಪಂಪು ಕದ್ದವನಿಗೆ ಬಹುವಚನವಾ? ಪೇಪರ್ ನಡೆಸ್ತೀರೋ, ಸನ್ಮಾನ ಸಮಾರಂಭ ನಡೆಸ್ತೀರೋ?” ಇನ್ನೊಬ್ಬರಿಗೆ ನಕಲಿ ಡಾಕ್ಟರ ಮೇಲೆ ಸಿಟ್ಟು. ಬೆಂಕಿಯ ಬಗ್ಗೆ ಯಾರೂ ಕೇಳಲಿಲ್ಲ. ಐದನೆಯದೋ ಆರನೆಯದೋ ಫೋನು ಪಕ್ಷದ ಕಚೇರಿಯಿಂದ. ದನಿ ಬಲು ನಯವಾಗಿತ್ತು. “ನಮ್ಮ ನಾಯಕರನ್ನ ‘ಆತ’ ಅಂದಿದ್ದೀರಿ. ಹುಡುಗರು ಬೇಜಾರು ಮಾಡ್ಕೊಂಡಿದ್ದಾರೆ. ಅವರನ್ನ ಹಿಡಿಯೋದು ನಮಗೂ ಕಷ್ಟ.”

ಕತ್ತರಿ ಅವಳೆದುರು ಕುರ್ಚಿ ಎಳೆದು ಕೂತರು. ಕಣ್ಣಿಗೆ ಕಣ್ಣು ಕೊಡಲಿಲ್ಲ. “ನಾಳೆ ಮೊದಲ ಪುಟದಲ್ಲಿ ನಾಲ್ಕು ಸಾಲು ವಿಷಾದ ಹಾಕ್ಬೇಕಂತೆ. ‘ನಾಯಕರ ಬಗ್ಗೆ ಆತ ಎಂದು ಪ್ರಕಟವಾದುದಕ್ಕೆ ವಿಷಾದಿಸುತ್ತೇವೆ.’ ನೀನೇ ಬರೆದುಕೊಂಡು ಬಾಮ್ಮ.”

“ಅಂಗಡಿಯವರನ್ನೂ ವರ್ಷದಿಂದ ‘ಆತ’ ಅಂತಲೇ ಹಾಕಿದ್ದೀವಿ ಸರ್. ಅವರಿಗೆ?”

“ಅವರು ಫೋನ್ ಮಾಡಿಲ್ವಲ್ಲ,” ಎಂದರು ಕತ್ತರಿ. ಪಾಪ, ನಿಜವನ್ನೇ ಹೇಳಿದರು.

೯

ಈಗ ಕೊನೆ. ಒಂದಲ್ಲ, ಬೇಕಾದಷ್ಟು ಯೋಚಿಸಿಟ್ಟಿದ್ದೇನೆ.

ಕೊನೆ, ಒಂದು. ಅವಳು ಎದ್ದು ನಿಂತು, “ಅಪರಾಧಿಯ ಕ್ಷಮೆ ಕೇಳುವ ಪತ್ರಿಕೆ ನನಗೆ ಬೇಡ” ಎಂದು ಕೆಲಸಕ್ಕೆ ರಾಜೀನಾಮೆ ಬಿಸಾಕಿ ಹೊರನಡೆಯುತ್ತಾಳೆ. ಹೊರಗೆ ಬಿಸಿಲು.

“ಆಮೇಲೆ?” ಎಂದಳು ಅವಳು. “ನಾನು ಎದ್ದು ಹೋದ ಕುರ್ಚೀಲಿ ಯಾರು ಕೂರ್ತಾರೆ? ‘ಹಿನ್ನಡೆ’ ಅನ್ನೋರೇ ತಾನೆ? ನಿಮಗೇನು, ಬಿಸಿಲು ಅಂತ ಬರೆದು ಕೈ ತೊಳ್ಕೋತೀರಿ. ತೆಗೀರಿ ಅದನ್ನ.”

ತೆಗೆದೆ.

ಕೊನೆ, ಎರಡು. ಅವಳು ಹಳೇ ಪೇಟೆಗೆ ಹೋಗುತ್ತಾಳೆ. ಕನ್ನಡಕದವರು ಸುಟ್ಟ ಅಂಗಡಿಯ ಎದುರು ಒಂದು ಮೇಜು ಹಾಕಿಕೊಂಡು ಕೂತಿದ್ದಾರೆ. ಅವಳು ಕೈ ಮುಗಿಯುತ್ತಾಳೆ. ಅವರು ಹನಿಗಣ್ಣಾಗಿ, ಅವಳ ಅಮ್ಮನಿಗಾಗಿ ಹೊಸ ಕನ್ನಡಕವನ್ನು...

“ಸ್ವಲ್ಪ ನಿಲ್ಸಿ,” ಎಂದರು ಕನ್ನಡಕದವರು. ಕಥೆಯಲ್ಲಿ ಅವರು ಬಾಯಿ ತೆರೆದದ್ದು ಇದೇ ಮೊದಲು. “ನಾನೇನು ಧರ್ಮಛತ್ರ ಇಟ್ಟಿದ್ದೀನಾ? ಬಟ್ಟೆ ಗುಂಡಿ ಹಾಕ್ಕೊಳ್ಳೋಕೂ ಹೆಂಡತಿನ ಕರೀಬೇಕು ನಾನು. ಗಾಜು ಹೇಗ್ರೀ ಉಜ್ಜಲಿ? ನಿಮ್ಮ ಕಥೆ ಚೆಂದ ಆಗ್ಲಿ ಅಂತ ನಾನು ಕ್ಷಮಿಸ್ಬೇಕಾ?”

“ತಪ್ಪಾಯ್ತು, ಯಜಮಾನ್ರೇ. ಹಾಗಾದ್ರೆ ನಿಮ್ಮ ಬಗ್ಗೆ ಏನು ಬರೀಲಿ?”

“ಕ್ಷಮಿಸಿಲ್ಲ ಅಂತ ಬರೀರಿ. ಆ ಹೆಂಗಸಿನ ಕಣ್ಣಿನ ನಂಬರು ನನಗೆ ಇನ್ನೂ ನೆನಪಿದೆ, ಅದನ್ನೂ ಬರೀರಿ. ಎರಡೂ ನಿಜ. ಒಂದನ್ನ ಬರೆದು ಇನ್ನೊಂದನ್ನ ಬಿಡ್ಬೇಡಿ.”

ಬರೆದಿದ್ದೇನೆ.

ಕೊನೆ, ಮೂರು. ಜೈಲಿನಲ್ಲಿ ತಮ್ಮ ಪೇಪರ್ ಓದಿ, ‘ಅವನ್ಯಾರೋ ಗೊತ್ತಿಲ್ಲ’ ಎಂಬ ಮಾತಿನ ಮುಂದೆ ತುಂಬ ಹೊತ್ತು ಕೂತು, ಕಣ್ಣು ತೆರೆದವನಾಗಿ...

“ಅಕ್ಕಂಗೆ ಹೇಳಿ,” ಎಂದ ತಮ್ಮ, ನನ್ನ ವಾಕ್ಯಕ್ಕೆ ಬೆನ್ನು ಮಾಡಿ, “‘ಹೊರಬಂದಿದ್ದಾರೆ’ ಅಂತ ಹಾಕಿದ್ದು ನೋಡ್ದೆ, ಖುಷಿಯಾಯ್ತು ಅಂತ. ಅವರು ಬಂದು ನನ್ನ ಬಿಡಿಸ್ಕೊಂಡು ಹೋಗ್ತಾರೆ. ಸ್ವಲ್ಪ ದಿನ, ಅಷ್ಟೇ.”

ಅಯ್ಯೋ ಮಂಕೇ, ಎಂದು ನನಗೆ ಅಳುವೇ ಬಂತು. ಕೆನ್ನೆಗೆರಡು ಬಿಗಿಯೋಣ ಎಂದೂ ಅನಿಸಿತು. ಅಕ್ಕನಿಗೆ ಏನಾಗುತ್ತದೆಂದು ಈಗ ಸ್ವಲ್ಪ ಅರ್ಥವಾಯಿತು, ಪೂರ್ತಿ ಅಲ್ಲ.

೯ (ಉಳಿದದ್ದು)

ಅವಳು ಮನೆಗೆ ಬಂದಳು. ವಿಷಾದದ ನಾಲ್ಕು ಸಾಲು ಬರೆದಿದ್ದಳೋ ಇಲ್ಲವೋ, ನನಗೆ ಹೇಳಲಿಲ್ಲ. ಚೀಲದಲ್ಲಿ ಪೇಪರಿತ್ತು. ಇನ್ನೂ ಬೆಳಕಿತ್ತು, ಅಮ್ಮ ಕಿಟಕಿಯ ಪಕ್ಕ ಕೂತಿದ್ದಳು. ಬಾಗಿಲ ಸದ್ದಿಗೆ ಮುಖ ತಿರುಗಿಸಿದಳು, ಆದರೆ ಮಗಳ ಮುಖಕ್ಕಿಂತ ಸ್ವಲ್ಪ ಪಕ್ಕಕ್ಕೆ.

“ಎಷ್ಟು ವರ್ಷ?”

“ನಾಲ್ಕು, ಅಮ್ಮ.”

ಅಮ್ಮ ಸೆರಗಿನಿಂದ ಬಾಯಿ ಒತ್ತಿಕೊಂಡು ಕೂತಳು. ಅತ್ತಳು, ಸದ್ದಿಲ್ಲದೆ ಅಲ್ಲ, ಸದ್ದು ಮಾಡಿಯೇ ಅತ್ತಳು. ಮಗಳು ಬೆನ್ನು ನೀವಿದಳು. ಆಮೇಲೆ ಮೂಗು ಒರೆಸಿಕೊಂಡು ಅಮ್ಮ ಕೇಳಿದಳು, “ಅವನು ಮನೆಗೆ ಹೋದ್ನಾ?”

“ಯಾರಮ್ಮ?”

“ಅವನೇ. ನನ್ನ ಮಗನ ತಲೆ ಕೆಡಿಸ್ದವನು.”

“ಹೋದ.”

“ಅವರ ಕೈ ಹೇಗಿದೆಯಂತೆ?”

“ಯಾರದ್ದು?”

“ಕನ್ನಡಕದವರದ್ದು ಕಣೇ. ಇನ್ಯಾರದ್ದು ಕೇಳ್ಲಿ?”

ಅವಳು ಅಮ್ಮನನ್ನೇ ನೋಡಿದಳು. ಬೆಳಗ್ಗೆಯಿಂದ ಮೂರು ಡ್ರಾಫ್ಟು, ಒಂದು ಡೆಸ್ಕು, ಒಂದು ಪಕ್ಷದ ಕಚೇರಿ ಸೇರಿ ಒದ್ದಾಡಿದ್ದನ್ನು ಅಮ್ಮ ಉಸಿರು ಬಿಟ್ಟಷ್ಟು ಸಲೀಸಾಗಿ ಹೇಳಿ ಮುಗಿಸಿದ್ದಳು. ಅವನು ಅವನೇ, ಅವರು ಅವರೇ. ಅವಳಿಗೆ ನಗು ಬಂತು, ನಗುವ ಹೊತ್ತಲ್ಲವೆಂದು ತಡೆದುಕೊಂಡಳು.

“ಕೈ ಹಾಗೇ ಇದೆಯಂತೆ, ಅಮ್ಮ.”

“ಹೂಂ.” ಅಮ್ಮ ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂತಳು. “ಈಗ ನಮ್ಮ ಹುಡುಗನ ಬಗ್ಗೆ ಏನಂತ ಹಾಕಿದ್ದೀರಿ, ಅದನ್ನ ಓದು. ಮುಚ್ಚಿಡಬೇಡ. ಇದ್ದದ್ದು ಇದ್ದ ಹಾಗೆ ಓದು.”

(ಇಲ್ಲಿ ನಾನು ಪೆನ್ನು ಕೆಳಗಿಟ್ಟೆ. ‘ಹಚ್ಚಿದ್ದಾರೆ’ ಎಂದು ಅಚ್ಚಾಗಿದೆ. ಹಾಗೆ ಓದಿದರೆ ಅಮ್ಮನಿಗೆ ಮಗ ದೊಡ್ಡ ಮನುಷ್ಯನಾದ ಹಾಗೆ ಕೇಳೀತು, ಜನ್ಮದಲ್ಲಿ ಮೊದಲ ಸಲ, ಅದೂ ಇದಕ್ಕೆ. ‘ಹಚ್ಚಿದ್ದಾನೆ’ ಎಂದರೆ ಅದು ಪೇಪರಿನವರ ಮಾತೋ, ಅಕ್ಕನ ಮಾತೋ? ಅಮ್ಮನ ಕಿವಿಗೆ ಯಾವುದು ತಾಗೀತು? ನನಗೆ ಗೊತ್ತಿಲ್ಲ. ಗೊತ್ತಿದ್ದರೂ ಹಾಕುವುದಿಲ್ಲ. ಬಾಲ ಬರುವ ತನಕವಾದರೂ ಅವನು ಅವಳ ತಮ್ಮನಾಗಿರಲಿ, ಬೆಂಕಿ ಬೆಂಕಿಯಾಗಿರಲಿ, ಎರಡೂ ಒಂದೇ ವಾಕ್ಯದಲ್ಲಿರಲಿ.)

ಅವಳು ಪೇಪರ್ ಬಿಡಿಸಿದಳು. ಬೆಳಕಿನ ಕಡೆ ಹಿಡಿದಳು. ಅಚ್ಚಾದದ್ದನ್ನು ಒಮ್ಮೆ ನೋಡಿ, ಆಮೇಲೆ ಅದನ್ನು ನೋಡದೆ ಓದತೊಡಗಿದಳು. ಅಮ್ಮ ಕತ್ತು ಮುಂದೆ ಚಾಚಿ ಕೇಳುತ್ತಿದ್ದಳು.

“ಒಳಗೆ ದೀಪ ಉರೀತಿರೋದು ಕಂಡೂ, ದೀಪ ಇದ್ದಲ್ಲಿ ಜನ ಇರ್ತಾರೆ ಅಂತ ಗೊತ್ತಿದ್ದೂ, ಯಾರೋ ಹೇಳಿದ ಮಾತು ನಂಬಿ, ಅಮ್ಮನ ಕನ್ನಡಕ ಇದ್ದ ಅಂಗಡಿ ಬಾಗಿಲಿಗೆ ಪೆಟ್ರೋಲ್ ಸುರಿದು, ಕಡ್ಡಿ ಗೀರಿ, ನಮ್ಮ ಹುಡುಗ